ಕಾಲು ಗೆರೆ ದಾಟಿತಾ? ಸಾಫ್ಟ್‌ಬಾಲ್ ಬ್ಯಾಟರ್ ಬಾಕ್ಸ್ ನಿಯಮವನ್ನು ಓದುವ ಕ್ರಮ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಸಾಫ್ಟ್‌ಬಾಲ್ ಆಡಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲು ಬ್ಯಾಟ್ ಹಿಡಿದಿರುವುದು ಕ್ರಿಕೆಟ್‌ಗೆ. ಅದರಿಂದ ಲಾಭವೂ ಇದೆ. ಚೆಂಡಿನ ಮೇಲೆ ಕಣ್ಣಿಡುವುದು, ಕೈಯ ಟೈಮಿಂಗ್, ಓಡುವ ಧೈರ್ಯ ಎಲ್ಲ ಮೊದಲೇ ಬಂದಿರುತ್ತದೆ. ತೊಂದರೆ ಆಗುವುದು ಕಾಲಿನ ವಿಷಯದಲ್ಲಿ. ಕ್ರಿಕೆಟ್‌ನಲ್ಲಿ ಕ್ರೀಸ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಬಾರಿಸಿದರೆ ಚಪ್ಪಾಳೆ. ಸಾಫ್ಟ್‌ಬಾಲ್‌ನಲ್ಲಿ ಬ್ಯಾಟರ್ ಬಾಕ್ಸ್ (ಬ್ಯಾಟರ್ ನಿಲ್ಲಲು ಗೆರೆ ಹಾಕಿದ ಜಾಗ) ಬಿಟ್ಟು ಅದೇ ಹೆಜ್ಜೆ ಇಟ್ಟು ಬಾರಿಸಿದರೆ, ಚೆಂಡು ಮೈದಾನದ ಬೇಲಿ ದಾಟಿ ಹೋದರೂ ಬ್ಯಾಟರ್ ಔಟ್.

ಅಲ್ಲಿಂದ ಜಗಳ ಶುರು. ಒಂದು ಕಡೆಯಿಂದ ‘ಸರ, ಕಾಲ ಹೊರಗಿತ್ರಿ!’ ಅಂತ ಕೂಗು. ಇನ್ನೊಂದು ಕಡೆಯಿಂದ ‘ಇಲ್ರಿ ಸರ, ಗೆರಿ ಮ್ಯಾಲಿತ್ತು!’ ಅಂತ ಉತ್ತರ. ಇಬ್ಬರು ಹೇಳುವುದೂ ನಿಜ ಇರಬಹುದು. ಒಂದೇ ಪಾದ ಗೆರೆಯ ಮೇಲೂ ಇರುತ್ತದೆ, ಅರ್ಧ ಹೊರಗೂ ಇರುತ್ತದೆ. ಹಾಗಾದರೆ ಔಟಾ, ಅಲ್ವಾ?

ಉತ್ತರ ಸಿಗಬೇಕಾದರೆ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ಗಳಿಗೆಯಲ್ಲಿ? ಪಿಚ್ (ಪಿಚರ್ ಬ್ಯಾಟರ್‌ಗೆ ಎಸೆಯುವ ಎಸೆತ) ಶುರುವಾಗುವ ಮೊದಲಾ, ಬ್ಯಾಟಿಗೆ ಚೆಂಡು ತಗುಲಿದ ಕ್ಷಣದಲ್ಲಾ, ಅದು ತಗುಲಿದ ಮೇಲಾ? ಈ ಮೂರು ಗಳಿಗೆಗಳಿಗೆ ನಿಯಮ ಬೇರೆ ಬೇರೆ. ನಿಯಮ ಪುಸ್ತಕದಲ್ಲಿ ಇವು ಬೇರೆ ಬೇರೆ ಕಡೆ ಹಂಚಿಹೋಗಿರುವುದರಿಂದ ಜನ ಎಲ್ಲವನ್ನೂ ಕಲಸಿ ಓದುತ್ತಾರೆ. ಬಿಡಿಸಿ ಓದಿದರೆ ಗೊಂದಲ ಬಹಳ ಮಟ್ಟಿಗೆ ಕರಗುತ್ತದೆ. ದೈಹಿಕ ಶಿಕ್ಷಕರು, ಹೊಸದಾಗಿ ಅಂಪೈರಿಂಗ್ ಮಾಡುವವರು, ತಂಡದ ಕ್ಯಾಪ್ಟನ್‌ಗಳು ಈ ಕ್ರಮದಲ್ಲೇ ಓದಿಕೊಂಡರೆ ಒಳ್ಳೆಯದು. ಇಲ್ಲಿ ಹೇಳುತ್ತಿರುವುದು ಫಾಸ್ಟ್‌ಪಿಚ್, ಅಂದರೆ ಪಿಚರ್ ವೇಗವಾಗಿ ಎಸೆಯುವ ಸಾಫ್ಟ್‌ಬಾಲ್ ಬಗ್ಗೆ.

ಮೊದಲು ಬಾಕ್ಸ್ ಸರಿಯಾಗಿ ಹಾಕಿ

ಗೆರೆಯೇ ತಪ್ಪಿದ್ದರೆ ಗೆರೆಯ ಬಗ್ಗೆ ವಾದ ಮಾಡಿ ಏನು ಪ್ರಯೋಜನ? ಆದ್ದರಿಂದ ಟೇಪ್ ಹಿಡಿದು ಶುರು ಮಾಡೋಣ.

ಬ್ಯಾಟರ್ ಬಾಕ್ಸ್ 3 ಅಡಿ ಅಗಲ, 7 ಅಡಿ ಉದ್ದ. ಅಂದರೆ ಸುಮಾರು 91 ಸೆಂ.ಮೀ. ಮತ್ತು 213 ಸೆಂ.ಮೀ. ಹೋಮ್ ಪ್ಲೇಟಿನ (ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಕೂರಿಸುವ ಐದು ಬದಿಯ ಬಿಳಿ ತಟ್ಟೆ) ಎರಡೂ ಬದಿಗೆ ಒಂದೊಂದು. ಬೇಸ್ ಅಂದರೆ ಹೊಡೆದವರು ಓಡಿ ಮುಟ್ಟಬೇಕಾದ ನೆಲೆ. ಬಲಗೈ ಬ್ಯಾಟರ್‌ಗೆ ಮೂರನೇ ಬೇಸ್ ಕಡೆಯದು, ಎಡಗೈ ಬ್ಯಾಟರ್‌ಗೆ ಮೊದಲ ಬೇಸ್ ಕಡೆಯದು. ಬೇಸ್‌ಬಾಲ್ ಬಾಕ್ಸ್ 4 ಅಡಿ ಅಗಲ, 6 ಅಡಿ ಉದ್ದ ಇರುತ್ತದೆ. ಇಂಟರ್‌ನೆಟ್‌ನಲ್ಲಿ ಮೊದಲು ಸಿಕ್ಕ ಚಿತ್ರ ನೋಡಿ ಅದನ್ನೇ ಹಾಕಿಬಿಟ್ಟರೆ ಬ್ಯಾಟರ್‌ಗೆ ಪಕ್ಕಕ್ಕೆ ಜಾಗ ಜಾಸ್ತಿ, ಮುಂದೆ ಹಿಂದೆ ಕಡಿಮೆ ಆಗುತ್ತದೆ. ಮುಂದೆ ಹೆಜ್ಜೆ ಹಾಕಿ ಹೊಡೆಯುವವರಿಗೆ ಇದು ನೇರ ಅನ್ಯಾಯ.

ಹೋಮ್ ಪ್ಲೇಟಿನ ಅಂಚಿನಿಂದ ಬಾಕ್ಸಿನ ಒಳಗೆರೆಗೆ 6 ಇಂಚು, ಅಂದರೆ 15 ಸೆಂ.ಮೀ. ಅಂತರ. ಪ್ಲೇಟಿನ ಅಗಲ 17 ಇಂಚು. ಎರಡು ಬದಿಯ 6 ಇಂಚು ಸೇರಿಸಿದರೆ 29 ಇಂಚು. ಹಾಗಾಗಿ ಎರಡು ಬಾಕ್ಸ್‌ಗಳ ನಡುವಿನ ಖಾಲಿ ಜಾಗ ಸುಮಾರು 74 ಸೆಂ.ಮೀ. ಬರಬೇಕು. ಗೆರೆ ಹಾಕಿದ ಮೇಲೆ ಇದೊಂದನ್ನು ಅಳೆದು ನೋಡಿ.

ಮುಂದೆ ಎಷ್ಟು, ಹಿಂದೆ ಎಷ್ಟು ಎಂಬಲ್ಲಿ ಬಹಳ ಕಡೆ ತಪ್ಪುತ್ತದೆ. ಸುಮ್ನೆ ಅರ್ಧ ಮುಂದೆ, ಅರ್ಧ ಹಿಂದೆ ಹಾಕಿಬಿಡುತ್ತಾರೆ. ಹಾಗಲ್ಲ. ಪ್ಲೇಟಿನ ನಡುಮಧ್ಯ ಒಂದು ಅಡ್ಡಗೆರೆ ಇದೆ ಅಂದುಕೊಳ್ಳಿ. ಅಲ್ಲಿಂದ ಪಿಚರ್ ಕಡೆಗೆ 4 ಅಡಿ, ಪ್ಲೇಟಿನ ಹಿಂದೆ ಕೂರುವ ಕ್ಯಾಚರ್ ಕಡೆಗೆ 3 ಅಡಿ. ಲೆಕ್ಕ ಹಾಕಿದರೆ, ಪ್ಲೇಟಿನ ಮುಂದಿನ ಅಂಚಿನಿಂದ ಬಾಕ್ಸಿನ ಮುಂಗೆರೆಗೆ ಸರಿಸುಮಾರು 1 ಮೀಟರ್, ಪ್ಲೇಟಿನ ಹಿಂದಿನ ಚೂಪು ತುದಿಯಿಂದ ಹಿಂಗೆರೆಗೆ ಸುಮಾರು 70 ಸೆಂ.ಮೀ. ಇಷ್ಟು ನೆನಪಿದ್ದರೆ ಸಾಕು. ಮೂಲೆಗಳು ನೇರ ಬಂದಿವೆಯಾ ಅಂತ ನೋಡಲು ಬಾಕ್ಸಿನ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಕಡೆ 232 ಸೆಂ.ಮೀ. ಹತ್ತಿರ ಬಂದರೆ ಸರಿ.

ಈ ಅಳತೆಗಳೆಲ್ಲ ಗೆರೆಯ ಹೊರ ಅಂಚಿಗೆ. ಯಾಕೆಂದರೆ ಗೆರೆ ಬಾಕ್ಸಿನ ಭಾಗ. ಮುಂದಿನ ವಿಷಯವೆಲ್ಲ ನಿಂತಿರುವುದು ಇದರ ಮೇಲೆಯೇ.

ರಬ್ಬರ್ ಹೋಮ್ ಪ್ಲೇಟ್ ಇಲ್ಲದ ಶಾಲೆಗಳು ಹಳೆಯ ರಬ್ಬರ್ ಮ್ಯಾಟ್‌ನಿಂದಲೇ ಒಂದನ್ನು ಕತ್ತರಿಸಿಕೊಳ್ಳಬಹುದು. 17 ಇಂಚಿನ ಚೌಕ ಬರೆಯಿರಿ. ಎರಡು ಬದಿಗಳಲ್ಲಿ ಮುಂದಿನ ಅಂಚಿನಿಂದ ಎಂಟೂವರೆ ಇಂಚಿಗೆ ಗುರುತು ಹಾಕಿ. ಹಿಂದಿನ ಅಂಚಿನ ಮಧ್ಯಕ್ಕೆ ಇನ್ನೊಂದು ಗುರುತು. ಆ ಗುರುತುಗಳನ್ನು ಸೇರಿಸಿ ಎರಡು ಮೂಲೆ ಕತ್ತರಿಸಿದರೆ ಐದು ಬದಿಯ ಪ್ಲೇಟ್ ಸಿದ್ಧ. ಕತ್ತರಿಸಿದ ಬದಿಗಳು 12 ಇಂಚು ಬಂದರೆ ಅಳತೆ ಸರಿಯಾಗಿದೆ ಅಂತ ಅರ್ಥ. ಬಿಳಿ ಬಣ್ಣ ಹೊಡೆದು ನೆಲಕ್ಕೆ ಸಮವಾಗಿ ಕೂರಿಸಿ. ಮರದ ಹಲಗೆ, ಇಟ್ಟಿಗೆ ಮಾತ್ರ ಬೇಡವೇ ಬೇಡ. ಓಡಿ ಬಂದು ಸ್ಲೈಡ್ ಮಾಡುವ ಮಗುವಿನ ಕಾಲು ಮುರಿಯುತ್ತದೆ.

ಎರೆ ಮಣ್ಣಿನ ಮೈದಾನದಲ್ಲಿ ಗೆರೆ ನಿಲ್ಲಿಸುವುದು

ನಮ್ಮ ಕಡೆ ಮಣ್ಣಿನ ಗುಣ ನೋಡದೆ ಗೆರೆಯ ಮಾತಾಡಲು ಆಗುವುದಿಲ್ಲ. ವಿಜಯಪುರ, ಬಾಗಲಕೋಟೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಗಾಳಿಗೆ ಪುಡಿ ಹಾರಿಹೋಗುತ್ತದೆ, ಒಂದು ಮಳೆ ಬಿದ್ದರೆ ಬೂಟಿನ ಅಡಿಗೆ ಮುದ್ದೆಯಾಗಿ ಹತ್ತಿಕೊಳ್ಳುತ್ತದೆ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಬಿಳಿ ಗೆರೆ ಚೆಂದ ಕಾಣುತ್ತದೆ, ಆದರೆ ಮಳೆಗಾಲದ ಜಿಟಿಜಿಟಿಗೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಶಾಲಾ ಪಂದ್ಯಗಳು ಮಳೆಗಾಲಕ್ಕೇ ಬಂದುಬಿಟ್ಟರೆ ಈ ತಾಪತ್ರಯ ತಪ್ಪಿದ್ದಲ್ಲ.

ಮೊದಲು ನೀರು ಚಿಮುಕಿಸಿ, ಮಣ್ಣು ಗಟ್ಟಿಯಾಗಿ ಕೂರುವಂತೆ ತಟ್ಟಿ. ಆಮೇಲೆ ದಾರ ಎಳೆದು, ದಪ್ಪ ಮೊಳೆಯಿಂದ ಗೆರೆಯ ಹೊರ ಅಂಚನ್ನು ಅರ್ಧ ಇಂಚು ಆಳಕ್ಕೆ ಗೀರಿ. ಆ ಗೀರಿನ ಒಳಬದಿಗೆ ಪುಡಿ ಹಾಕಿ. ಮೂರನೇ ಇನಿಂಗ್ಸ್ ಹೊತ್ತಿಗೆ ಪುಡಿ ಅಳಿಸಿಹೋದರೂ ಗೀರು ಉಳಿದಿರುತ್ತದೆ. ಅಂಪೈರ್‌ಗೆ ನೋಡಲು ಏನೋ ಒಂದು ಆಧಾರ ಸಿಗುತ್ತದೆ. ಪುಡಿ ಅಂದರೆ ಚಾಕ್ ಪುಡಿ ಅಥವಾ ರಂಗೋಲಿ ಪುಡಿ. ಸುಟ್ಟ ಸುಣ್ಣ ಹಾಕಬೇಡಿ. ಬೆವರಿದ ಮೈಗೆ, ಕಣ್ಣಿಗೆ ಅದು ತಾಗಿದರೆ ಸುಡುತ್ತದೆ. ಹೋಮ್ ಪ್ಲೇಟಿನ ಹತ್ತಿರವಂತೂ ಮಕ್ಕಳು ಮುಖ ಅಡಿಯಾಗಿ ಬೀಳುತ್ತಾರೆ.

ಬಾಕ್ಸಿನ ಅಳತೆಯ ಒಂದು ಪಿವಿಸಿ ಪೈಪಿನ ಚೌಕಟ್ಟು ಮಾಡಿಸಿಟ್ಟುಕೊಂಡರೆ ಇನ್ನೂ ಸುಲಭ. ಇನಿಂಗ್ಸ್ ನಡುವೆ ಇಟ್ಟು, ಗೆರೆ ಹೊಸದು ಮಾಡಿ, ಎತ್ತಿಕೊಂಡು ಬರಬಹುದು.

ಮೊದಲ ಗಳಿಗೆ: ಪಿಚ್ ಶುರುವಾಗುವ ಮುನ್ನ

ಈಗ ನಿಯಮಕ್ಕೆ ಬರೋಣ. ಪಿಚರ್ ಚೆಂಡು ಎಸೆಯಲು ಶುರು ಮಾಡುವ ಮೊದಲು ಬ್ಯಾಟರ್‌ನ ಎರಡೂ ಪಾದ ಪೂರ್ತಿಯಾಗಿ ಬಾಕ್ಸಿನ ಒಳಗೆ ಇರಬೇಕು. ಪಾದ ಗೆರೆಯನ್ನು ಮುಟ್ಟಬಹುದು. ಆದರೆ ಗೆರೆಯ ಹೊರ ಅಂಚಿನ ಆಚೆ ಪಾದದ ಯಾವ ಭಾಗವೂ ಹೋಗಬಾರದು. ಹಿಮ್ಮಡಿ ಎರಡು ಬೆರಳಿನಷ್ಟು ಆಚೆ ಇದ್ದರೂ ಅದು ಸರಿಯಾದ ನಿಲುವಲ್ಲ.

ಕ್ರಿಕೆಟ್ ಕಣ್ಣು ಇಲ್ಲಿ ಮೊದಲ ಬಾರಿ ಎಡವುತ್ತದೆ. ಕ್ರಿಕೆಟ್‌ನಲ್ಲಿ ಕಾಲು ಅಥವಾ ಬ್ಯಾಟು ಗೆರೆಯ ಮೇಲಷ್ಟೇ ಇದ್ದರೆ ಬ್ಯಾಟರ್ ಉಳಿಯುವುದಿಲ್ಲ. ಗೆರೆಯ ಹಿಂದೆ ಏನಾದರೂ ನೆಲ ಮುಟ್ಟಿರಬೇಕು. ಸಾಫ್ಟ್‌ಬಾಲ್‌ನಲ್ಲಿ ಗೆರೆ ಬ್ಯಾಟರ್‌ನದು. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ.

ಹೊರಗೆ ನಿಂತಿದ್ದಾನೆ ಅಂದ ಮಾತ್ರಕ್ಕೆ ಈ ಗಳಿಗೆಯಲ್ಲಿ ಔಟ್ ಇಲ್ಲ. ಅಂಪೈರ್ ಆಟ ತಡೆದು ‘ಒಳಗೆ ಬಾ’ ಅನ್ನಬೇಕು, ಬ್ಯಾಟರ್ ಒಳಗೆ ಬರಬೇಕು, ಅಷ್ಟೆ. ಹಿಂಗೆರೆಯ ಆಚೆ ಒಂದು ಕಾಲು ಇಟ್ಟುಕೊಂಡು ನಿಲ್ಲುವುದು ಬಹಳ ಮಕ್ಕಳ ಅಭ್ಯಾಸ. ವೇಗದ ಪಿಚರ್ ಎದುರಿಗಿದ್ದರೆ ಇನ್ನಷ್ಟು ಹಿಂದೆ ಸರಿಯುತ್ತಾರೆ. ಅಂಪೈರ್ ಮೊದಲ ಬ್ಯಾಟರ್‌ನಿಂದಲೇ ಇದನ್ನು ತಿದ್ದಬೇಕು. ಐದನೇ ಇನಿಂಗ್ಸ್‌ನಲ್ಲಿ ಹಠಾತ್ತನೆ ತಿದ್ದಲು ಹೋದರೆ ಆ ತಂಡಕ್ಕೆ ಪಕ್ಷಪಾತ ಅನ್ನಿಸುವುದು ಸಹಜ.

ಬಾಕ್ಸಿನ ಒಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಮುಂದೆ, ಹಿಂದೆ, ಪ್ಲೇಟಿಗೆ ಅಂಟಿಕೊಂಡು, ದೂರ ಸರಿದು. ನಿಯಮ ನೋಡುವುದು ಪಾದವನ್ನು. ತಲೆ, ಮೊಣಕೈ, ಬ್ಯಾಟು ಗೆರೆ ದಾಟಿ ಪ್ಲೇಟಿನ ಮೇಲೆ ಬಾಗಿದ್ದರೂ ನಿಲುವು ತಪ್ಪಲ್ಲ. ಆದರೆ ಅದಕ್ಕೊಂದು ಬೆಲೆ ಇದೆ. ಸ್ಟ್ರೈಕ್ ಜಾಗದಲ್ಲಿ (ಪ್ಲೇಟಿನ ಮೇಲೆ, ಹೊಡೆಯಬಹುದಾದ ಎತ್ತರದ ಜಾಗ) ಬಂದ ಚೆಂಡು ಹಾಗೆ ಬಾಗಿದ ಕೈಗೆ ಬಡಿದರೆ ಮೊದಲ ಬೇಸ್ ಸಿಗುವುದಿಲ್ಲ. ಅದು ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ), ಚೆಂಡು ಡೆಡ್, ಅಂದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಸ್ಟ್ರೈಕ್ ಜಾಗ ಪ್ಲೇಟಿನ ಮೇಲಿನದು, ಬ್ಯಾಟರ್ ಮುಂದೆ ಹಿಂದೆ ಸರಿದರೆ ಅದು ಜೊತೆಗೆ ಸರಿಯುವುದಿಲ್ಲ. ಎತ್ತರ ನೋಡುವುದು ಬ್ಯಾಟರ್‌ನ ಸಹಜ ನಿಲುವಿನಲ್ಲಿ. ಸುಮ್ನೆ ಕುಕ್ಕರುಗಾಲಲ್ಲಿ ಕೂತು ಸ್ಟ್ರೈಕ್ ಜಾಗ ಕುಗ್ಗಿಸಲು ಆಗುವುದಿಲ್ಲ.

ಎರಡನೇ ಗಳಿಗೆ: ಬ್ಯಾಟಿಗೆ ಚೆಂಡು ತಗುಲಿದ ಕ್ಷಣ

ಈ ಕ್ಷಣಕ್ಕೆ ನಿಯಮದ ಪದಗಳೇ ಬದಲಾಗುತ್ತವೆ. ಚೆಂಡು ಬ್ಯಾಟಿಗೆ ತಗುಲಿದಾಗ ಒಂದು ಪಾದ ಪೂರ್ತಿಯಾಗಿ ಗೆರೆಯ ಹೊರಗೆ ಇದ್ದು, ಅದು ನೆಲಕ್ಕೆ ಊರಿದ್ದರೆ ಬ್ಯಾಟರ್ ಔಟ್. ಪಾದದ ಯಾವುದೇ ಭಾಗ ಹೋಮ್ ಪ್ಲೇಟನ್ನು ಮುಟ್ಟಿದ್ದರೂ ಔಟ್. ಚೆಂಡು ಫೇರ್ (ಆಟದ ಗೆರೆಗಳ ಒಳಗೆ) ಹೋಯಿತಾ, ಫೌಲ್ (ಹೊರಗೆ) ಹೋಯಿತಾ ಎಂಬುದು ಲೆಕ್ಕಕ್ಕಿಲ್ಲ.

ಇದರಲ್ಲಿ ನಾಲ್ಕು ವಿಷಯ ಅಡಗಿವೆ. ಒಂದೊಂದನ್ನೇ ಬಿಡಿಸಿಕೊಳ್ಳಿ.

ಪೂರ್ತಿ ಪಾದ ಅನ್ನುವುದು ಮೊದಲನೆಯದು. ಹೆಬ್ಬೆರಳ ತುದಿ ಗೆರೆಯ ಮೇಲಿದ್ದು ಉಳಿದ ಪಾದವೆಲ್ಲ ಹೊರಗಿದ್ದರೂ ಬ್ಯಾಟರ್ ಉಳಿಯುತ್ತಾನೆ. ಪಿಚ್‌ಗೆ ಮುನ್ನ ಇದೇ ರೀತಿ ನಿಲ್ಲಲು ಅಂಪೈರ್ ಬಿಡುತ್ತಿರಲಿಲ್ಲ. ಅದೇ ಪಾದ, ಅದೇ ಜಾಗ. ಒಂದು ಗಳಿಗೆಯಲ್ಲಿ ತಪ್ಪು, ಇನ್ನೊಂದು ಗಳಿಗೆಯಲ್ಲಿ ಔಟ್ ಅಲ್ಲ. ಮೇಲೆ ಕೂಗಾಡಿದ ಇಬ್ಬರ ಮಾತೂ ನಿಜ ಅಂದದ್ದು ಇದಕ್ಕೇ. ‘ಅರ್ಧ ಕಾಲು ಹೊರಗಿತ್ತು’ ಅನ್ನುವುದು ಈ ಕ್ಷಣದಲ್ಲಿ ಔಟ್‌ಗೆ ಕಾರಣವೇ ಅಲ್ಲ.

ನೆಲಕ್ಕೆ ಊರಿರಬೇಕು ಅನ್ನುವುದು ಎರಡನೆಯದು. ಬ್ಯಾಟರ್ ಹೆಜ್ಜೆ ಎತ್ತಿ ಮುಂದೆ ಚಾಚಿದ್ದಾಳೆ, ಪಾದ ಮುಂಗೆರೆಯ ಆಚೆ ಗಾಳಿಯಲ್ಲಿದೆ, ಅಷ್ಟರಲ್ಲಿ ಚೆಂಡು ತಗುಲಿತು, ಆಮೇಲೆ ಪಾದ ಹೊರಗೆ ಇಳಿಯಿತು. ಔಟ್ ಅಲ್ಲ. ನೋಡಿದವರಿಗೆ ಮಾತ್ರ ಪಾದ ಹೊರಗೆ ಊರಿ ಹೊಡೆದ ಹಾಗೆ ಕಾಣುತ್ತದೆ.

ಮೂರನೆಯದು, ಚೆಂಡು ತಗುಲಲೇಬೇಕು. ಪ್ಲೇಟಿನ ಮೇಲೇ ಹತ್ತಿ ನಿಂತು ಬ್ಯಾಟು ಬೀಸಿದರೂ ಚೆಂಡು ತಪ್ಪಿಹೋದರೆ ಈ ನಿಯಮದ ಔಟ್ ಬರುವುದಿಲ್ಲ. ಅದು ಬರೀ ಸ್ಟ್ರೈಕ್. ಚೆಂಡು ಜೀವಂತವಾಗಿದೆ, ಆಟ ನಡೆಯುತ್ತಲೇ ಇದೆ.

ನಾಲ್ಕನೆಯದು ಪ್ಲೇಟ್. ಇಲ್ಲಿ ಪೂರ್ತಿ ಪಾದದ ಲೆಕ್ಕ ಇಲ್ಲ, ಬೆರಳ ತುದಿ ಮುಟ್ಟಿದರೂ ಸಾಕು. ಬಾಕ್ಸಿಗೂ ಪ್ಲೇಟಿಗೂ ನಡುವೆ ಇರುವುದು 15 ಸೆಂ.ಮೀ. ಮಾತ್ರ. ಹೈಸ್ಕೂಲ್ ಹುಡುಗನ ಬೂಟಿನ ಉದ್ದ ಅದಕ್ಕಿಂತ ಜಾಸ್ತಿ. ಹಾಗಾಗಿ ಹಿಮ್ಮಡಿ ಬಾಕ್ಸಿನ ಗೆರೆಯ ಮೇಲೆ, ಬೂಟಿನ ಮೂತಿ ಪ್ಲೇಟಿನ ಮೇಲೆ, ಎರಡೂ ಒಟ್ಟಿಗೆ ಆಗಬಹುದು. ಆಗ ‘ಹಿಮ್ಮಡಿ ಗೆರಿ ಮ್ಯಾಲಿತ್ರಿ’ ಅನ್ನುವ ವಾದ ನಡೆಯುವುದಿಲ್ಲ. ಪ್ಲೇಟ್ ಮುಟ್ಟಿದ್ದರಿಂದ ಔಟ್. ಅದೇ ಪಾದ ಪಿಚರ್ ಕಡೆ ಮುಖ ಮಾಡಿ, ಆ 15 ಸೆಂ.ಮೀ. ಸಂದಿಯಲ್ಲಿ ಉದ್ದುದ್ದ ಕೂತರೆ? ಪ್ಲೇಟ್ ಮುಟ್ಟಿಲ್ಲ, ಗೆರೆಯನ್ನೂ ಮುಟ್ಟಿಲ್ಲ. ಆಗಲೂ ಔಟ್, ಯಾಕೆಂದರೆ ಪಾದ ಪೂರ್ತಿ ಹೊರಗಿದೆ. ಸಂದಿ ಯಾರ ಜಾಗವೂ ಅಲ್ಲ ಅಂತ ಹಲವರು ತಿಳಿದಿದ್ದಾರೆ. ಅದು ಬಾಕ್ಸಿನ ಹೊರಗೇ.

ಔಟ್ ಆದ ಕೂಡಲೇ ಚೆಂಡು ಡೆಡ್. ಬೇಸ್ ಮೇಲಿದ್ದ ರನ್ನರ್‌ಗಳೆಲ್ಲ ಪಿಚ್ ಆದಾಗ ಯಾವ ಬೇಸ್‌ನಲ್ಲಿದ್ದರೋ ಅಲ್ಲಿಗೆ ವಾಪಸ್. ಬಂದ ರನ್ ಲೆಕ್ಕಕ್ಕಿಲ್ಲ.

ಒಂದು ಸಂದರ್ಭ ನೋಡಿ. ಮೂರನೇ ಬೇಸ್‌ನಲ್ಲಿ ರನ್ನರ್, ಒಬ್ಬರು ಔಟ್. ಕೋಚ್ ಬಂಟ್ (ಬ್ಯಾಟು ಬೀಸದೆ ಚೆಂಡನ್ನು ಮೆಲ್ಲಗೆ ತಡೆದು ಉರುಳಿಸುವುದು) ಮಾಡಲು ಸಂಜ್ಞೆ ಕೊಟ್ಟಿದ್ದಾರೆ. ಪಿಚ್ ಹೊರಬದಿಗೆ ದೂರ ಹೋಯಿತು. ಬ್ಯಾಟರ್ ಹೇಗಾದರೂ ಮುಟ್ಟಿಸಬೇಕು ಅಂತ ಬಲಗಾಲನ್ನು ಪ್ಲೇಟಿನ ಮೇಲಿಟ್ಟು ಬಾಗಿ ಬಂಟ್ ಮಾಡಿದಳು. ಚೆಂಡು ಮೊದಲ ಬೇಸ್ ಕಡೆ ಉರುಳಿತು, ರನ್ನರ್ ಹೋಮ್ ಮುಟ್ಟಿದಳು, ತಂಡ ಕುಣಿಯಿತು. ಅಂಪೈರ್ ಮಾಡಬೇಕಾದದ್ದು ಇಷ್ಟು: ಎರಡು ಕೈ ಎತ್ತಿ ‘ಡೆಡ್ ಬಾಲ್’, ಆಮೇಲೆ ಬ್ಯಾಟರ್ ಔಟ್, ರನ್ನರ್ ಮತ್ತೆ ಮೂರನೇ ಬೇಸ್‌ಗೆ. ಅದೇ ಬಂಟ್ ಫೌಲ್ ಹೋಗಿದ್ದರೂ ತೀರ್ಪು ಇದೇ. ಬ್ಯಾಟಿಗೆ ಚೆಂಡು ಸಿಗದೇ ಹೋಗಿದ್ದರೆ ಮಾತ್ರ ಬೇರೆ. ಆಗ ಸ್ಟ್ರೈಕ್, ಚೆಂಡು ಕ್ಯಾಚರ್ ಕೈಯಲ್ಲಿ ಜೀವಂತ, ಓಡಿ ಬರುತ್ತಿರುವ ರನ್ನರ್‌ನ ಗತಿ ಅವಳ ಕಾಲಿನಲ್ಲಿ.

ಓಡುತ್ತಲೇ ಹೊಡೆಯುವ ಎಡಗೈ ಬ್ಯಾಟರ್

ಸಾಫ್ಟ್‌ಬಾಲ್‌ಗೆ ಮಾತ್ರ ಸೇರಿದ ಒಂದು ಸೊಗಸು ಇದು. ಸ್ಲ್ಯಾಪ್ ಅನ್ನುತ್ತಾರೆ. ಎಡಗೈ ಬ್ಯಾಟರ್‌ನ ಬಾಕ್ಸ್ ಮೊದಲ ಬೇಸ್‌ಗೆ ಹತ್ತಿರ. ಬೇಸ್‌ಗಳ ನಡುವಿನ ದೂರ 60 ಅಡಿ ಮಾತ್ರ. ಹಾಗಾಗಿ ಚುರುಕು ಕಾಲಿನ ಬ್ಯಾಟರ್ ಪಿಚ್ ಬರುತ್ತಿರುವಾಗಲೇ ಬಾಕ್ಸಿನೊಳಗೆ ಮುಂದಕ್ಕೆ ಹೆಜ್ಜೆ ಹಾಕುತ್ತಾ ಚೆಂಡನ್ನು ತಟ್ಟಿ ಓಡಿಬಿಡುತ್ತಾಳೆ. ಪಿಚರ್ ಕೈಯಿಂದ ಚೆಂಡು ಬಿಟ್ಟ ಮೇಲೆ ಬಾಕ್ಸಿನೊಳಗೆ ಓಡಾಡಲು ಅಡ್ಡಿಯಿಲ್ಲ.

ಬಾಕ್ಸ್ 7 ಅಡಿ ಉದ್ದ ಇರುವುದರ ಬೆಲೆ ಗೊತ್ತಾಗುವುದು ಇಲ್ಲಿ. ಹಿಂಗೆರೆಯ ಹತ್ತಿರ ಶುರು ಮಾಡಿದರೆ ಎರಡು ಹೆಜ್ಜೆ ಸಿಗುತ್ತದೆ. ನಡುವಿನಲ್ಲಿ ನಿಂತು ಶುರು ಮಾಡಿದರೆ ಎರಡನೇ ಹೆಜ್ಜೆಗೇ ಮುಂಗೆರೆ ದಾಟುತ್ತಾಳೆ. ವೇಗವಾಗಿ ಓಡುವ ಹುಡುಗಿಗೆ ಸ್ಲ್ಯಾಪ್ ಕಲಿಸುವ ಕೋಚ್ ಮೊದಲು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಕಲಿಸಬೇಕು, ಆಮೇಲೆ ಬ್ಯಾಟು. ಬಾಕ್ಸ್ ಬಿಟ್ಟು ಹೊರಗೆ ಹೋಗಿ, ಓಟದ ವೇಗ ಹಿಡಿದುಕೊಂಡು, ಮತ್ತೆ ಒಳಗೆ ಬಂದು ಹೊಡೆಯುವ ಜಾಣತನವೂ ನಡೆಯುವುದಿಲ್ಲ. ಅದಕ್ಕೂ ಔಟ್.

ಕ್ರಿಕೆಟ್‌ನಿಂದ ಬಂದ ಬಲಗೈ ಹುಡುಗರಲ್ಲಿ ಕಾಣುವ ತೊಂದರೆ ಬೇರೆ. ನಿಧಾನದ ಚೆಂಡು ಬಂದ ಕೂಡಲೇ ಮುಂದೆ ಜಿಗಿದು ಹೊಡೆಯುವ ಆಸೆ. ಅವರಿಗೆ ನಾನು ಹೇಳುವುದು ಒಂದೇ: ನಿಧಾನದ ಪಿಚರ್ ಅಂತ ಗೊತ್ತಿದ್ದರೆ ಮೊದಲೇ ಬಾಕ್ಸಿನ ಮುಂದಿನ ಭಾಗಕ್ಕೆ ಸರಿದು ನಿಲ್ಲು, ಆದರೆ ಒಂದು ಹೆಜ್ಜೆಯ ಜಾಗ ಮುಂದೆ ಉಳಿಸಿಕೋ.

ಮೂರನೇ ಗಳಿಗೆ: ಚೆಂಡು ತಗುಲಿದ ಮೇಲೆ

ಇಲ್ಲಿ ಬೇಗ ಮುಗಿಸಬಹುದು. ಹೊಡೆದ ಚೆಂಡು ನೆಲಕ್ಕೆ ಬಡಿದು ಪುಟಿದು, ಇನ್ನೂ ಬಾಕ್ಸಿನಲ್ಲೇ ಇರುವ ಬ್ಯಾಟರ್‌ಗೆ ತಾಗಿದರೆ ಅದು ಫೌಲ್. ಬ್ಯಾಟರ್ ಬಾಕ್ಸ್ ಬಿಟ್ಟು ಓಡಲು ಶುರು ಮಾಡಿದ ಮೇಲೆ ಫೇರ್ ಜಾಗದಲ್ಲಿ ಚೆಂಡು ತಾಗಿದರೆ ಔಟ್. ಕೈಯಲ್ಲಿರುವ ಬ್ಯಾಟಿಗೆ ಚೆಂಡು ಎರಡನೇ ಸಲ ತಾಗಿದಾಗಲೂ ಇದೇ ಕ್ರಮದಲ್ಲಿ ನೋಡಬೇಕು. ಅಂದರೆ ಈ ಗಳಿಗೆಯಲ್ಲಿ ಬಾಕ್ಸ್ ಬ್ಯಾಟರ್‌ಗೆ ಒಂದು ರಕ್ಷಣೆಯ ಜಾಗ.

ಬೇಸ್ ಕದಿಯುತ್ತಿರುವ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವ) ರನ್ನರ್ ಕಡೆ ಕ್ಯಾಚರ್ ಎಸೆಯುವಾಗಲೂ ಹಾಗೆಯೇ. ಬ್ಯಾಟರ್ ಬಾಕ್ಸಿನೊಳಗೆ ತನ್ನಷ್ಟಕ್ಕೆ ನಿಂತಿದ್ದರೆ, ಬೇಕೆಂದೇ ಅಡ್ಡ ಬರದಿದ್ದರೆ ತಪ್ಪಿಲ್ಲ. ಹೊರಗೆ ಹೆಜ್ಜೆ ಇಟ್ಟು ಎಸೆತಕ್ಕೆ ಅಡ್ಡಿಯಾದರೆ ಔಟ್. ಬೇಕೆಂದೇ ಮಾಡಿಲ್ಲ ಅನ್ನುವ ಸಬೂಬು ಅಲ್ಲಿ ಕೇಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಎರಡೂ ಕೈಯಲ್ಲಿ ಆಡುವ ಬ್ಯಾಟರ್ ಬಾಕ್ಸ್ ಬದಲಾಯಿಸಬಹುದು. ಆದರೆ ಪಿಚರ್ ತಾನು ಎಸೆಯುವ ಜಾಗದ ಪ್ಲೇಟಿನ ಮೇಲೆ ನಿಂತು ಕ್ಯಾಚರ್‌ನ ಸಂಜ್ಞೆ ನೋಡುತ್ತಿರುವಾಗ ಕ್ಯಾಚರ್ ಮುಂದೆಯೇ ಹಾದು ಆಚೆ ಬಾಕ್ಸಿಗೆ ಹೋದರೆ ಔಟ್. ಟೈಮ್ ಕೇಳಿ, ಅಂಪೈರ್ ಕೊಟ್ಟ ಮೇಲೆ ಹೋಗುವುದು ವಾಸಿ. ಟೈಮ್ ಸಿಗದೇ ಸುಮ್ನೆ ಬಾಕ್ಸಿನಿಂದ ಹೊರಗೆ ಕಾಲಿಟ್ಟರೆ ಪಿಚ್ ನಿಲ್ಲಬೇಕಾಗಿಲ್ಲ, ಆ ಚೆಂಡನ್ನು ಸ್ಟ್ರೈಕ್ ಅಂತ ಕರೆಯಬಹುದು.

ಅಂಪೈರ್ ಎಲ್ಲಿ ನೋಡಬೇಕು

ಮಹಿಳೆಯರ ಪಂದ್ಯದಲ್ಲಿ ಪಿಚಿಂಗ್ ದೂರ 43 ಅಡಿ, ಪುರುಷರದ್ದು 46 ಅಡಿ. ಒಳ್ಳೆಯ ಪಿಚರ್ ಎಸೆದ ಚೆಂಡು ಅರ್ಧ ಸೆಕೆಂಡಿನೊಳಗೆ ಪ್ಲೇಟಿಗೆ ಬರುತ್ತದೆ. ಅಷ್ಟರಲ್ಲಿ ಅಂಪೈರ್ ಚೆಂಡನ್ನೂ ನೋಡಬೇಕು, ಕಾಲನ್ನೂ ನೋಡಬೇಕು. ಕಷ್ಟದ ಕೆಲಸ, ಒಪ್ಪಬೇಕಾದದ್ದೇ. ಹಾಗಂತ ಊಹೆ ಮಾಡಿ ಔಟ್ ಕೊಡಬಾರದು.

ನನ್ನ ಪ್ರಕಾರ ಅರ್ಧ ಕೆಲಸ ಪಿಚ್‌ಗೆ ಮೊದಲೇ ಆಗಬೇಕು. ಎಡಗೈ ಬ್ಯಾಟರ್ ಬಾಕ್ಸಿನ ಹಿಂಭಾಗದಲ್ಲಿ ಹಗುರವಾಗಿ ನಿಂತಿದ್ದಾಳಾ? ಸ್ಲ್ಯಾಪ್ ಬರಬಹುದು. ಮೂರನೇ ಬೇಸ್‌ನಲ್ಲಿ ರನ್ನರ್ ಇದ್ದು ಬ್ಯಾಟರ್ ಕೈ ಬ್ಯಾಟಿನ ಮೇಲೆ ಸರಿಯುತ್ತಿದೆಯಾ? ಬಂಟ್ ಬರಬಹುದು. ಕಾಲು ಹೊರಗೆ ಹೋಗುವುದು ಹೆಚ್ಚಾಗಿ ಇವೆರಡರಲ್ಲೇ. ಮೊದಲೇ ತಯಾರಿದ್ದರೆ ಚೆಂಡನ್ನು ಬ್ಯಾಟಿನ ತನಕ ಹಿಂಬಾಲಿಸಿದ ಕಣ್ಣು ಅದೇ ಓಟದಲ್ಲಿ ಕಾಲಿಗೆ ಇಳಿಯುತ್ತದೆ. ಕ್ಯಾಚರ್ ಅಡ್ಡ ಬಂದು ಕಾಣದೇ ಹೋದರೆ ಬೇಸ್ ಅಂಪೈರ್ ಜೊತೆ ಮಾತಾಡಿ ತೀರ್ಮಾನಿಸಬಹುದು. ಎದುರು ತಂಡ ಅಪೀಲ್ ಮಾಡಲಿ ಅಂತ ಕಾಯಬೇಕಾಗಿಲ್ಲ. ಕಂಡರೆ ಅಂಪೈರ್ ತಾನೇ ಕರೆಯಬೇಕು, ಕಾಣದಿದ್ದರೆ ಯಾರು ಕೂಗಿದರೂ ಕರೆಯಬಾರದು.

ಹೆಜ್ಜೆ ಗುರುತಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಣ್ಣಿನ ಮೈದಾನದಲ್ಲಿ ಕ್ಯಾಚರ್ ಓಡಿ ಬಂದು ಬೆರಳು ತೋರಿಸುತ್ತಾನೆ: ‘ನೋಡ್ರಿ ಸರ, ಬೂಟಿನ ಗುರ್ತು ಹೊರಗೈತಿ!’ ಎರೆ ಮಣ್ಣಿನಲ್ಲಿ ಗುರುತು ಅಚ್ಚೊತ್ತಿದ ಹಾಗೆ ಮೂಡಿರುತ್ತದೆ, ನಿಜ. ಆದರೆ ಆ ಗುರುತು ಹೇಳುವುದು ಕಾಲು ಅಲ್ಲಿ ಇಳಿಯಿತು ಅಂತ. ಚೆಂಡು ತಗುಲುವಾಗ ಇಳಿದಿತ್ತಾ, ತಗುಲಿದ ಮೇಲೆ ಓಟದ ಮೊದಲ ಹೆಜ್ಜೆಯಾಗಿ ಇಳಿಯಿತಾ ಅಂತ ಅದು ಹೇಳುವುದಿಲ್ಲ. ನಿಯಮ ಕೇಳುವುದು ಕ್ಷಣವನ್ನು, ಗುರುತಿನಲ್ಲಿ ಸಮಯ ಬರೆದಿರುವುದಿಲ್ಲ. ಗುರುತು ನೋಡಿಯಷ್ಟೇ ಔಟ್ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಗೆರೆ ಪೂರ್ತಿ ಅಳಿಸಿಹೋಗಿದ್ದರೆ? ಆಗಲೂ ನಿಯಮ ಇದ್ದೇ ಇದೆ, ನೋಡುವ ಕಣ್ಣಿಗೆ ಕೆಲಸ ಹೆಚ್ಚಷ್ಟೆ. ಪ್ಲೇಟ್ ಮುಟ್ಟಿದ್ದು ಸ್ಪಷ್ಟ ಕಾಣುತ್ತದೆ. ಪ್ಲೇಟಿನಿಂದ ಒಂದು ಮೀಟರ್‌ಗಿಂತ ಬಹಳ ಮುಂದೆ ಕಾಲು ಊರಿದ್ದರೂ ಗೊತ್ತಾಗುತ್ತದೆ. ಎರಡು ಬೆರಳಿನ ಅಂತರದ ಅನುಮಾನವಿದ್ದರೆ ಬ್ಯಾಟರ್ ಪರವಾಗಿ ಬಿಡುವುದೇ ನ್ಯಾಯ. ಇನಿಂಗ್ಸ್ ಮುಗಿದ ಕೂಡಲೇ ಗೆರೆ ಹಾಕಿಸಿ.

ಕೋಚ್ ಹೇಗೆ ಕೇಳಬೇಕು

ತೀರ್ಪು ಸರಿ ಅನ್ನಿಸದಿದ್ದರೆ ಇಡೀ ತಂಡ ನುಗ್ಗುವುದು ಬೇಡ. ಒಬ್ಬರೇ ಹೋಗಿ, ಟೈಮ್ ಕೇಳಿ, ಮೆಲ್ಲಗೆ ಒಂದು ಪ್ರಶ್ನೆ ಕೇಳಿ: ‘ಸರ್, ನೀವು ಏನು ನೋಡಿ ಔಟ್ ಕೊಟ್ಟಿರಿ?’

ಉತ್ತರದ ಮೇಲೆ ಮುಂದಿನ ದಾರಿ ನಿಂತಿದೆ. ‘ಚೆಂಡು ತಗುಲಿದಾಗ ಪಾದ ಪೂರ್ತಿ ಹೊರಗೆ ಊರಿತ್ತು’ ಅಂದರೆ ಅದು ಅವರ ಕಣ್ಣಿನ ತೀರ್ಪು. ನಿಮಗೆ ಬೇರೆ ಕಂಡಿರಬಹುದು. ಆದರೆ ಕಣ್ಣಿನ ತೀರ್ಪಿನ ಮೇಲೆ ಪ್ರೊಟೆಸ್ಟ್ ನಡೆಯುವುದಿಲ್ಲ. ಥ್ಯಾಂಕ್ಸ್ ಹೇಳಿ ವಾಪಸ್ ಬನ್ನಿ. ‘ಅರ್ಧ ಪಾದ ಹೊರಗಿತ್ತು, ಅದಕ್ಕೇ ಔಟ್’ ಅಂದರೆ ಕಥೆ ಬೇರೆ. ಇಲ್ಲಿ ಅಂಪೈರ್ ನೋಡಿದ್ದು ಸರಿಯೇ, ನಿಯಮ ಹಾಕಿದ್ದು ತಪ್ಪು. ‘ಚೆಂಡು ತಗುಲಲಿಲ್ಲ, ಆದರೆ ಕಾಲು ಹೊರಗೆ ಬಂತು, ಔಟ್’ ಅಂದರೂ ಅಷ್ಟೇ. ನಿಯಮದ ತಪ್ಪಿಗೆ ಪ್ರೊಟೆಸ್ಟ್ ಮಾಡುವ ಹಕ್ಕಿದೆ. ಅದನ್ನು ಮುಂದಿನ ಪಿಚ್ ಆಗುವ ಮೊದಲೇ ಪ್ಲೇಟ್ ಅಂಪೈರ್‌ಗೆ ತಿಳಿಸಬೇಕು. ಪಂದ್ಯ ಮುಗಿದ ಮೇಲೆ ಕಾಗದ ಬರೆದರೆ ಯಾರೂ ಕೇಳುವುದಿಲ್ಲ.

ಎಷ್ಟೋ ಸಲ ಪ್ರೊಟೆಸ್ಟ್ ತನಕ ಹೋಗುವುದೇ ಬೇಕಾಗುವುದಿಲ್ಲ. ‘ಪೂರ್ತಿ ಪಾದ’ ಅನ್ನುವ ಎರಡು ಪದ ನೆನಪಿಸಿದರೆ ಅಂಪೈರ್‌ಗಳು ತಮ್ಮಲ್ಲೇ ಮಾತಾಡಿ ತಿದ್ದಿಕೊಳ್ಳಬಹುದು. ಜೊತೆಗೆ ನಿಯಮ ಪುಸ್ತಕ ಚೀಲದಲ್ಲಿರಲಿ. ಅಂತರರಾಷ್ಟ್ರೀಯ ಮಟ್ಟದಲ್ಲಿ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಒಕ್ಕೂಟಗಳು 2013ರಲ್ಲಿ ಒಂದಾಗಿ ಡಬ್ಲ್ಯುಬಿಎಸ್‌ಸಿ (ವಿಶ್ವ ಬೇಸ್‌ಬಾಲ್ ಸಾಫ್ಟ್‌ಬಾಲ್ ಒಕ್ಕೂಟ) ಆಯಿತು. ಈಗಿನ ನಿಯಮ ಪುಸ್ತಕ ಅವರದು. ಅದಕ್ಕೂ ಹಿಂದಿನ ಝೆರಾಕ್ಸ್ ಪ್ರತಿ ನಿಮ್ಮ ಶಾಲೆಯಲ್ಲಿದ್ದರೆ ಹೊಸದನ್ನು ತರಿಸಿಕೊಳ್ಳಿ. ಅಮೆರಿಕದ ಶಾಲೆಗಳ ನಿಯಮ ಹೇಳುವ ವಿಡಿಯೋ ನೋಡಿ ವಾದಕ್ಕೆ ಇಳಿಯಬೇಡಿ, ಅವರ ಪುಸ್ತಕ ಬೇರೆ. ಪಂದ್ಯದ ಹಿಂದಿನ ದಿನದ ಸಭೆಯಲ್ಲೇ ಯಾವ ಪುಸ್ತಕ ನಡೆಯುತ್ತದೆ ಅಂತ ಆಯೋಜಕರನ್ನು ಕೇಳಿಬಿಡಿ.

ಅಭ್ಯಾಸಕ್ಕೆ ಒಂದು ಸಂಜೆ

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಲುಪುವುದಿಲ್ಲ. ಮೈದಾನದಲ್ಲಿ ಮಾಡಿಸಿ. ನೀರು ಹೊಡೆದು ಹದ ಮಾಡಿದ ನೆಲದಲ್ಲಿ ಬಾಕ್ಸ್ ಹಾಕಿ. ಒಬ್ಬರು ಮೆಲ್ಲಗೆ ಅಂಡರ್‌ಹ್ಯಾಂಡ್ ಎಸೆಯಲಿ, ಒಬ್ಬರು ಬ್ಯಾಟ್ ಮಾಡಲಿ, ಇಬ್ಬರು ಹೆಲ್ಮೆಟ್ ಹಾಕಿಕೊಂಡು ಮೂರನೇ ಮತ್ತು ಮೊದಲ ಬೇಸ್ ಕಡೆ ಸಾಕಷ್ಟು ದೂರ ಕೂತು ಕಾಲನ್ನು ಮಾತ್ರ ನೋಡಲಿ. ಚೆಂಡು ತಗುಲಿದ ಸದ್ದಿಗೆ ಅವರು ‘ಒಳಗೆ’, ‘ಹೊರಗೆ’, ‘ಗಾಳಿಯಲ್ಲಿ’ ಅಂತ ಕೂಗಬೇಕು. ಇನ್ನೊಬ್ಬರು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ಹಿಡಿಯಲಿ. ಆಮೇಲೆ ಎಲ್ಲರೂ ಒಟ್ಟಿಗೆ ನೋಡಲಿ.

ಮೊದಲು ಸಾದಾ ಹೊಡೆತ, ಆಮೇಲೆ ಬಂಟ್, ಕೊನೆಗೆ ಸ್ಲ್ಯಾಪ್. ಬಂಟ್‌ಗೆ ಬೇಕೆಂದೇ ಹೊರಬದಿಗೆ ಎಸೆಯಿರಿ. ಯಾರ ಕಾಲು ಪ್ಲೇಟಿಗೆ ಹೋಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಹಾಗೆ ಹೋಗುವವರಿಗೆ ಕಾಲು ಚಾಚುವ ಬದಲು ಮೊಣಕಾಲು ಬಗ್ಗಿಸಿ ಬ್ಯಾಟನ್ನು ದೂರಕ್ಕೆ ಒಯ್ಯುವುದನ್ನು ಕಲಿಸಿ. ಅಷ್ಟಕ್ಕೂ ಸಿಗದ ಚೆಂಡಾದರೆ, ರನ್ನರ್ ಓಡಿ ಬರುತ್ತಿಲ್ಲದಿದ್ದರೆ, ಬಿಟ್ಟುಬಿಡಲಿ. ಬಾಲ್ (ಸ್ಟ್ರೈಕ್ ಜಾಗದ ಹೊರಗೆ ಹೋಗಿ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಲೆಕ್ಕಕ್ಕೆ ಒಂದು ಸೇರುತ್ತದೆ.